ಕಾಲು ಸೋತವರಿಗೆ ಸೊಂಟದ ಎಂಆರ್‌ಐ: ನ್ಯೂರಾಲಜಿ ಪರೀಕ್ಷೆಯ ಕಣ್ಣಿಗೆ ಬೀಳದ ತಪ್ಪು

ಮುಂಡರಗಿ ಕಡೆಯ ಐವತ್ತರ ಆಸುಪಾಸಿನ ರೈತನೊಬ್ಬ ಎರಡೂ ಕಾಲು ಸೋತು ಹುಬ್ಬಳ್ಳಿಗೆ ಬರುತ್ತಾನೆ ಎಂದಿಟ್ಟುಕೊಳ್ಳಿ. "ಬೆನ್ನ, ನಡಾ ಎಲ್ಲಾ ಹಿಡದಾವ್ರಿ, ಕಾಲಾಗ ಬಲಾನ ಇಲ್ರಿ. ಚಪ್ಪಲಿ ಜಾರಿದ್ದೂ ಗೊತ್ತಾಗಂಗಿಲ್ರಿ" ಅನ್ನುತ್ತಾನೆ. ನೋವು ಶುರುವಾಗಿ ಎರಡು ತಿಂಗಳು, ಕಾಲು ಸೋಲತೊಡಗಿ ಮೂರು ವಾರ, ಮೂತ್ರ ತಡೆತಡೆದು ಹೋಗತೊಡಗಿ ನಾಲ್ಕು ದಿನ. ಪರೀಕ್ಷಿಸಿ ನೋಡಿದರೆ ಕಾಲುಗಳು ಬಿಗಿದಿವೆ, ಮೊಣಕಾಲಿನ ರಿಫ್ಲೆಕ್ಸ್ ಜೋರಾಗಿದೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಹೊಕ್ಕುಳದಿಂದ ಕೆಳಗೆ ಸೂಜಿ ಚುಚ್ಚಿದ್ದು ಮಂದವಾಗಿ ತಿಳಿಯುತ್ತದೆ. ಆದರೆ ಅವನ ಕೈಯಲ್ಲಿರುವ ರಿಪೋರ್ಟು ಸೊಂಟದ ಎಂಆರ್‌ಐನದು, ಅದರಲ್ಲಿ ಏನೂ ಇಲ್ಲ.

ಏನೂ ಇಲ್ಲದಿರುವುದು ಸಹಜ, ಏಕೆಂದರೆ ನೋಡಿದ ಜಾಗವೇ ಬೇರೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆಬಾಲದಂತೆ ಇಳಿಬಿದ್ದ ನರಗಳ ಗೊಂಚಲು. ಅಲ್ಲಿ ಪೆಟ್ಟಾದರೆ ಕಾಲು ಸಡಿಲಾಗುತ್ತದೆ, ರಿಫ್ಲೆಕ್ಸ್ ಹೋಗುತ್ತದೆ. ಕಾಲು ಬಿಗಿದು, ರಿಫ್ಲೆಕ್ಸ್ ಜೋರಾಗಿ, ಹೆಬ್ಬೆರಳು ಮೇಲೆದ್ದರೆ ಒತ್ತಡ ಇರುವುದು ಹುರಿಯ ಮೇಲೆ, ಅಂದರೆ ಇನ್ನೂ ಮೇಲೆ. ಹೊಕ್ಕುಳದ ಮಟ್ಟವೆಂದರೆ ಹುರಿಯ ಎದೆಭಾಗದ ಹತ್ತನೇ ಸೆಗ್ಮೆಂಟ್, ಅಂದರೆ ಹತ್ತನೇ ತುಂಡು. ಹುರಿ ಬೆನ್ನೆಲುಬಿಗಿಂತ ಗಿಡ್ಡ ಇರುವುದರಿಂದ ಆ ಸೆಗ್ಮೆಂಟ್ ಕೂತಿರುವುದು ಹತ್ತನೇ ಮಣಿಯ ಎದುರಿಗಲ್ಲ, ಸುಮಾರು ಏಳನೇ ಮಣಿಯ ಎದುರಿಗೆ. ಸಂವೇದನೆಯ ಗೆರೆ ಕೆಲವೊಮ್ಮೆ ನಿಜವಾದ ಗಾಯಕ್ಕಿಂತ ಇನ್ನೂ ಕೆಳಗೇ ಸಿಗುವುದುಂಟು. ಹಾಗಾಗಿ ಬೇಕಿದ್ದದ್ದು ಎದೆಭಾಗದ ಎಂಆರ್‌ಐ, ಜೊತೆಗೆ ಇಡೀ ಬೆನ್ನೆಲುಬಿನ ಒಂದು ಸ್ಕ್ರೀನಿಂಗ್. ನಮ್ಮ ಕಡೆ ಇಂಥವರಲ್ಲಿ ಮೊದಲು ನೆನಪಾಗಬೇಕಾದದ್ದು ಬೆನ್ನೆಲುಬಿನ ಟಿಬಿ. ಮೂತ್ರ ತಡೆಯತೊಡಗಿದ ಮೇಲೆ ಒಂದೊಂದು ದಿನವೂ ಮುಖ್ಯ. ಇಲ್ಲಿ ಹಣವೂ ಹೋಯಿತು, ದಿನವೂ ಹೋಯಿತು.

ಗಮನಿಸಬೇಕಾದದ್ದು ಇದು: ಆ ಸ್ಕ್ಯಾನ್ ಬರೆದುಕೊಟ್ಟ ಹೊಸ ಡಾಕ್ಟರಿಗೆ ಮೇಲಿನ ಒಂದೊಂದು ಸಂಗತಿಯೂ ಗೊತ್ತಿರುತ್ತದೆ. ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ಹೊಕ್ಕುಳ ಯಾವ ಸೆಗ್ಮೆಂಟ್ ಎಂದರೆ ಅದನ್ನೂ ಹೇಳುತ್ತಾರೆ. ಬಿಡಿಬಿಡಿಯಾಗಿ ಗೊತ್ತಿರುವುದನ್ನು ರೋಗಿಯ ಎದುರು ನಿಂತು ಒಂದಕ್ಕೊಂದು ಜೋಡಿಸುವುದೇ ಕ್ಲಿನಿಕಲ್ ರೀಸನಿಂಗ್. ನಮ್ಮ ಪರೀಕ್ಷೆಗಳು ಬಿಡಿ ಸಂಗತಿಗಳನ್ನು ಕೇಳುತ್ತವೆ, ಕೊನೆಯ ಉತ್ತರವನ್ನೂ ಕೇಳುತ್ತವೆ. ನಡುವಿನ ದಾರಿಯನ್ನು ಕೇಳುವುದು ಬಹಳ ಕಡಿಮೆ.

ಈಗಿನ ಪರೀಕ್ಷೆ ಏನನ್ನು ಅಳೆಯುತ್ತದೆ?

2019ರಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಕಾಗದದ ಮೇಲೆ ಅದರ ಆಶಯ ಒಳ್ಳೆಯದೇ: ವಿದ್ಯಾರ್ಥಿಗೆ ಏನು ಗೊತ್ತು ಎನ್ನುವುದಕ್ಕಿಂತ ಏನು ಮಾಡಲು ಬರುತ್ತದೆ ಎಂದು ನೋಡಿ ಎನ್ನುತ್ತದೆ. ಪ್ರಾಕ್ಟಿಕಲ್‌ನಲ್ಲಿ ಲಾಂಗ್ ಕೇಸ್, ಶಾರ್ಟ್ ಕೇಸ್, ವೈವಾ ಇವೆ. ಆದರೆ ನ್ಯೂರಾಲಜಿ ಲಾಂಗ್ ಕೇಸ್ ನಡೆಯುವ ರೀತಿ ವಾರ್ಡ್ ಕಂಡವರಿಗೆಲ್ಲ ಗೊತ್ತು. ಪರೀಕ್ಷೆಗೆ ಸಿಗುವುದು ಸ್ಥಿರವಾಗಿರುವ ರೋಗಿಗಳು, ಅಂದರೆ ಹಳೆಯ ಲಕ್ವಾ, ಹಳೆಯ ಪ್ಯಾರಾಪ್ಲೀಜಿಯಾ (ಎರಡೂ ಕಾಲು ಸೋತವರು). ಯಾವ ಬೆಡ್ಡಿಗೆ ಯಾವ ಡಯಾಗ್ನೋಸಿಸ್ ಎಂಬುದು ಹಿಂದಿನ ರಾತ್ರಿಯೇ ಹಾಸ್ಟೆಲ್ ತಲುಪಿರುತ್ತದೆ. ವಿದ್ಯಾರ್ಥಿ ರೋಗಿಯ ಜೊತೆ ಒಬ್ಬನೇ ಇರುತ್ತಾನೆ, ಪರೀಕ್ಷಕರು ಬರುವುದು ಪ್ರೆಸೆಂಟೇಶನ್ ಹೊತ್ತಿಗೆ. ಆಗ ಅವರಿಗೆ ಕೇಳಿಸುವುದು ಉತ್ತರದಿಂದ ಹಿಂದಕ್ಕೆ ನೇಯ್ದ ಕಥೆ. ಗೊತ್ತಿರುವ ಡಯಾಗ್ನೋಸಿಸ್‌ಗೆ ಹೊಂದುವ ಚಿಹ್ನೆಗಳೆಲ್ಲ "ಸಿಕ್ಕಿರುತ್ತವೆ", ಹೊಂದದವು ಕಾಣೆಯಾಗಿರುತ್ತವೆ. ಇದು ವಿದ್ಯಾರ್ಥಿಯ ಮೋಸ ಎನ್ನುವುದಕ್ಕಿಂತ ಪರೀಕ್ಷೆಯ ರಚನೆಯ ದೋಷ.

ಇನ್ನೊಂದು ದೋಷ ಒಂದೇ ಕೇಸಿನಿಂದ ತೀರ್ಮಾನಕ್ಕೆ ಬರುವುದು. ವೈದ್ಯರು ಹೇಗೆ ಯೋಚಿಸುತ್ತಾರೆ ಎಂಬುದರ ಬಗ್ಗೆ ಎಲ್‌ಸ್ಟೈನ್, ಶುಲ್ಮನ್ ಮತ್ತು ಸ್ಪ್ರಾಫ್ಕಾ 1978ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮಾತನ್ನು ಸ್ಪಷ್ಟಪಡಿಸಿತು: ಒಂದು ಕೇಸಿನಲ್ಲಿ ಚೆನ್ನಾಗಿ ಯೋಚಿಸಿದವರು ಇನ್ನೊಂದರಲ್ಲೂ ಹಾಗೇ ಯೋಚಿಸುತ್ತಾರೆಂಬ ಭರವಸೆ ಇಲ್ಲ. ಲಕ್ವಾದಲ್ಲಿ ಚುರುಕಾದವರು ಮೂರ್ಛೆಯಲ್ಲಿ ಎಡವಬಹುದು. ಹಾಗಿರುವಾಗ 45 ನಿಮಿಷದ ಒಂದು ಲಾಂಗ್ ಕೇಸಿಗಿಂತ ಐದೈದು ನಿಮಿಷದ ಒಂಬತ್ತು ಚಿಕ್ಕ ಕೇಸುಗಳು ವಿದ್ಯಾರ್ಥಿಯನ್ನು ಹೆಚ್ಚು ನ್ಯಾಯವಾಗಿ ಅಳೆಯುತ್ತವೆ. ಲಾಂಗ್ ಕೇಸನ್ನು ತೆಗೆದುಹಾಕಬೇಕಿಲ್ಲ, ಅದೊಂದರ ಮೇಲೆಯೇ ಭಾರ ಹಾಕುವುದನ್ನು ಬಿಡಬೇಕು.

ನ್ಯೂರಾಲಜಿ ಎಂದರೆ ವಿದ್ಯಾರ್ಥಿಗಳು ಹೆದರುವುದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದ ನರರೋಗ ತಜ್ಞ ಜೋಜೆಫೊವಿಚ್ 1994ರಲ್ಲಿಯೇ ಇದಕ್ಕೆ "ನ್ಯೂರೋಫೋಬಿಯಾ" ಎಂದು ಹೆಸರಿಟ್ಟರು. ಅನಾಟಮಿಯನ್ನು ಮೊದಲ ವರ್ಷ ಓದಿ ಮರೆತು, ಕೊನೆಯ ವರ್ಷ ವಾರ್ಡಿನಲ್ಲಿ ಅದನ್ನು ಬಳಸಲಾಗದಿರುವುದು ಅದರ ಮೂಲ ಎಂಬುದು ಅವರ ವಾದ. ಆದರೆ ಒಂದರ್ಥದಲ್ಲಿ ರೀಸನಿಂಗ್ ಅಳೆಯಲು ನ್ಯೂರಾಲಜಿಯಷ್ಟು ಒಳ್ಳೆಯ ವಿಷಯ ಇನ್ನೊಂದಿಲ್ಲ, ಏಕೆಂದರೆ ಇಲ್ಲಿ ದಾರಿಯ ಮೆಟ್ಟಿಲುಗಳು ಕಾಣುತ್ತವೆ. ರೋಗಿಯ ಮಾತನ್ನು ಲಕ್ಷಣವಾಗಿ ತಿಳಿಯುವುದು, ಲಕ್ಷಣ ಮತ್ತು ಚಿಹ್ನೆಗಳನ್ನು ಸೇರಿಸಿ ಗಾಯ ಎಲ್ಲಿ ಎಂದು ಗುರುತಿಸುವುದು, ಅದು ಬೆಳೆದ ವೇಗದಿಂದ ಏನು ಎಂದು ಊಹಿಸುವುದು, ಈಗಿಂದೀಗಲೇ ಜೀವಕ್ಕೆ ಅಪಾಯ ಯಾವುದರಿಂದ ಎಂದು ನೋಡುವುದು. ವೇಗದ ಲೆಕ್ಕ ಒರಟಾದರೂ ಕೆಲಸಕ್ಕೆ ಬರುತ್ತದೆ. ಕ್ಷಣದಲ್ಲಿ ಆದದ್ದು ರಕ್ತನಾಳದ್ದೋ ಫಿಟ್ಸೋ ಇರಬಹುದು. ಗಂಟೆಗಳಿಂದ ದಿನಗಳಲ್ಲಿ ಆದದ್ದು ವಿಷ, ಸೋಂಕು, ಉರಿಯೂತ. ವಾರದಿಂದ ತಿಂಗಳಲ್ಲಿ ಆದದ್ದು ಗಡ್ಡೆ, ಟಿಬಿ. ವರ್ಷಗಟ್ಟಲೆ ಎಳೆದದ್ದು ನರಕೋಶ ಸವೆಯುವ ಅಥವಾ ವಂಶವಾಹಿ ಕಾಯಿಲೆ. ಯಾವ ಮೆಟ್ಟಿಲಲ್ಲಿ ಜಾರಿದರು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿರುವಾಗ ಒಟ್ಟು ಅಂಕವೊಂದನ್ನೇ ಕೊಟ್ಟು ಕಳಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ನಾಲ್ಕು ಹಾಳೆಯ ಕೇಸು

ನಡುವಿನ ದಾರಿಯನ್ನು ಅಳೆಯುವ ಒಂದು ಬಗೆ ಇದು. ಮಾಹಿತಿಯನ್ನು ಒಮ್ಮೆಲೇ ಕೊಡದೆ ಕಂತಿನಲ್ಲಿ ಕೊಡುವುದು ಈ ಪರೀಕ್ಷೆಯ ಜೀವ. ಒಂದು ಹಾಳೆಗೆ ಆರು ನಿಮಿಷ, ಒಟ್ಟು 24 ನಿಮಿಷ, 20 ಅಂಕ. ಹಾಳೆ ಬರೆದು ಕೊಟ್ಟ ಮೇಲೆ ಮುಂದಿನದು ಸಿಗುತ್ತದೆ, ಹಿಂದಿನದನ್ನು ತಿದ್ದುವಂತಿಲ್ಲ. ಹಾವೇರಿ ಜಿಲ್ಲೆಯ ಹೊಲಗಳಿಗೆ ಹೊಂದುವ ಒಂದು ಕೇಸನ್ನೇ ಬಿಡಿಸಿ ನೋಡೋಣ.

ಮೊದಲ ಹಾಳೆ: ಆಗಸ್ಟ್ ತಿಂಗಳು. 26 ವರ್ಷದ ಕೂಲಿಕಾರ. ಹಿಂದಿನ ದಿನ ಹತ್ತಿ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆದಿದ್ದಾನೆ. ನಸುಕಿನಲ್ಲಿ ಹೊಟ್ಟೆನೋವಿನಿಂದ ಎದ್ದು ಎರಡು ಸಲ ವಾಂತಿ ಮಾಡಿಕೊಂಡ. ಏಳು ಗಂಟೆಗೆ, "ಕಣ್ಣ ತೆಗಿಯಾಕ ಬರವಲ್ದರಿ" ಅನ್ನುತ್ತಿದ್ದಾನೆ, ಮಾತು ಮೂಗಿನಿಂದ ಬರುತ್ತಿದೆ. ಪ್ರಶ್ನೆ: ತೊಂದರೆ ಇರಬಹುದಾದ ಮೂರು ಜಾಗ ಬರೆಯಿರಿ, ಮತ್ತು ಅವುಗಳಲ್ಲಿ ಆರಿಸಲು ನೆರವಾಗುವ ಎರಡು ಪ್ರಶ್ನೆಗಳನ್ನು ರೋಗಿಗೆ ಕೇಳಿ. 5 ಅಂಕ. ಮಿದುಳಕಾಂಡ, ತಲೆಯ ನರಗಳು, ನರ ಮತ್ತು ಸ್ನಾಯು ಕೂಡುವ ಜಾಗ ಎಂದು ಬರೆದರೆ ಸಾಕು. ರೋಗದ ಹೆಸರಿಗೆ ಇಲ್ಲಿ ಅಂಕವಿಲ್ಲ. "ಎಲ್ಲಿ ಮಲಗಿದ್ದಿ?" ಎಂದು ಕೇಳಿದವರಿಗೆ ಇದೆ.

ಎರಡನೆಯದು: ಹೊಲದ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದ. ಪೂರ್ತಿ ಎಚ್ಚರವಿದ್ದಾನೆ. ಎರಡೂ ರೆಪ್ಪೆ ಸಮನಾಗಿ ಇಳಿದಿವೆ, ಕಣ್ಣುಗುಡ್ಡೆ ಎಲ್ಲ ಕಡೆಗೂ ಅರೆಬರೆ ತಿರುಗುತ್ತವೆ, ತಲೆಯನ್ನು ದಿಂಬಿನಿಂದ ಎತ್ತಲಾಗುತ್ತಿಲ್ಲ. ಕೈಕಾಲಿನ ಬಲ ಸ್ವಲ್ಪ ಕಡಿಮೆ, ರಿಫ್ಲೆಕ್ಸ್ ಮಂದವಾದರೂ ಇವೆ, ಸ್ಪರ್ಶ ಸರಿಯಿದೆ, ಹೆಬ್ಬೆರಳು ಕೆಳಕ್ಕೆ. ಪಾಪೆ ಸಣ್ಣದಾಗಿಲ್ಲ, ಜೊಲ್ಲಿಲ್ಲ, ಬೆವರಿಲ್ಲ, ನಾಡಿ 96. ಪ್ರಶ್ನೆ: ಮೊದಲ ಹಾಳೆಯ ಯಾವ ಜಾಗವನ್ನು ಈಗ ಬಿಡುತ್ತೀರಿ, ಯಾವ ಚಿಹ್ನೆಯಿಂದ? 5 ಅಂಕ. ಈ ಹಾಳೆಯಲ್ಲಿಯೇ ವಿದ್ಯಾರ್ಥಿಯ ಯೋಚನೆ ಬಯಲಾಗುತ್ತದೆ. ಮಿದುಳಕಾಂಡಕ್ಕೆ ಪೆಟ್ಟಾಗಿದ್ದರೆ ಎರಡೂ ಕಡೆ ಇಷ್ಟು ಸಮನಾಗಿ, ಎಚ್ಚರಕ್ಕೆ ಭಂಗವಿಲ್ಲದೆ, ಅಂಗಾಲಿನಲ್ಲಿ ಸುಳಿವೇ ಇಲ್ಲದೆ ಆಗುವುದು ಅಪರೂಪ. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಎರಗುವ ಗಿಯಾಂ-ಬಾರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಏರುತ್ತದೆ, ದಿನಗಳು ಹಿಡಿಯುತ್ತವೆ, ರಿಫ್ಲೆಕ್ಸ್ ಬೇಗ ಹೋಗುತ್ತವೆ. ಇಲ್ಲಿ ಕೆಲವೇ ಗಂಟೆಗಳಲ್ಲಿ ಮುಖದಿಂದ ಕೆಳಕ್ಕೆ ಇಳಿಯುತ್ತಿದೆ. ಉಳಿದದ್ದು ನರ-ಸ್ನಾಯು ಕೂಡುವ ಜಾಗ.

ಎಣ್ಣೆ ಹೊಡೆದದ್ದನ್ನು ಬೇಕೆಂದೇ ಇಟ್ಟಿದೆ. ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷದಲ್ಲಿ 24ರಿಂದ 96 ಗಂಟೆಯ ನಡುವೆ ಕುತ್ತಿಗೆ ಮತ್ತು ಉಸಿರಾಟದ ಸ್ನಾಯುಗಳು ಸೋಲುವ ಒಂದು ಘಟ್ಟ ಬರುತ್ತದೆ. ಆದರೆ ಅದಕ್ಕೆ ಮುಂಚೆ ಜೊಲ್ಲು, ಬೆವರು, ಸಣ್ಣಗಾದ ಪಾಪೆಯ ಘಟ್ಟ ಆಗಿಹೋಗಿರಬೇಕು. ಅದು ಇಲ್ಲಿ ಇಲ್ಲ. "ಎಣ್ಣೆ ಹೊಡೆದಿದ್ದಾನೆ, ಆದ್ದರಿಂದ ಎಣ್ಣೆಯ ವಿಷ" ಎಂದು ಮೊದಲ ಸುಳಿವಿಗೇ ಗಂಟು ಬೀಳುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮೂರನೆಯದು ಚಿಕ್ಕದು. ಮೈಮೇಲೆ ಹಲ್ಲಿನ ಗುರುತು ಕಂಡಿಲ್ಲ, ಬಾವಿಲ್ಲ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟಿದೆ. ಹಾವಿನ ಕಡಿತದ ಅನುಮಾನ ಹೆಚ್ಚಿತೋ, ಕಡಿಮೆಯಾಯಿತೋ, ಇದ್ದಷ್ಟೇ ಇದೆಯೋ, ಏಕೆ? 4 ಅಂಕ. ಸರಿ ಉತ್ತರ: ಹೆಚ್ಚುಕಡಿಮೆ ಇದ್ದಷ್ಟೇ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟುಹಾವಿನ ಹಲ್ಲು ಸಣ್ಣ, ಗುರುತು ಎಷ್ಟೋ ಸಲ ಕಾಣುವುದಿಲ್ಲ, ಬಾವು ಬರುವುದಿಲ್ಲ. ಅದರ ವಿಷ ನರದ ತುದಿಯನ್ನು ಹಿಡಿಯುತ್ತದೆಯೇ ಹೊರತು ಮಂಡಲದ ಹಾವಿನಂತೆ ರಕ್ತವನ್ನು ಕೆಡಿಸುವುದಿಲ್ಲ. ಇಲ್ಲಿ ಅನುಮಾನ ಕಡಿಮೆಯಾಯಿತು ಎಂದು ಬರೆಯುವವರು ಪರೀಕ್ಷೆಯ ಹೆಸರನ್ನು ಕಲಿತಿದ್ದಾರೆ, ಅದು ಯಾವುದಕ್ಕೆ ಎಂಬುದನ್ನು ಕಲಿತಿಲ್ಲ.

ನಾಲ್ಕನೆಯದು: ಬಂದಾಗ ಒಂದೇ ಉಸಿರಿನಲ್ಲಿ 28ರವರೆಗೆ ಎಣಿಸುತ್ತಿದ್ದ, ಒಂದು ಗಂಟೆಯ ನಂತರ 12ಕ್ಕೆ ನಿಲ್ಲುತ್ತಾನೆ. ಬೆರಳಿನ ಆಕ್ಸಿಜನ್ ಮೀಟರ್ 97 ತೋರಿಸುತ್ತಿದೆ. ಮುಂದಿನ 15 ನಿಮಿಷದಲ್ಲಿ ಮಾಡುವ ಮೂರು ಕೆಲಸ ಬರೆಯಿರಿ. 6 ಅಂಕ. ಶ್ವಾಸನಾಳಕ್ಕೆ ಕೊಳವೆ ಹಾಕಲು ಸಿದ್ಧತೆ, ಹಾವಿನ ವಿಷದ ಮದ್ದು 10 ವಯಲ್ ಶುರು ಮಾಡುವುದು ಮತ್ತು ಆ ಮದ್ದಿಗೆ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು, ವೆಂಟಿಲೇಟರ್ ಇಲ್ಲದ ಕಡೆ ಇದ್ದರೆ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿದ ಒಬ್ಬರ ಜೊತೆಯಲ್ಲೇ ದೊಡ್ಡ ಆಸ್ಪತ್ರೆಗೆ ಕಳಿಸುವುದು. 97 ಎಂಬ ಅಂಕಿ ಇಲ್ಲಿ ಬಲೆ. ಸ್ನಾಯು ಸೋತು ಉಸಿರು ಕಡಿಮೆಯಾಗುವಾಗ ಆಕ್ಸಿಜನ್ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ, ಕುಸಿದಾಗ ಒಮ್ಮೆಲೇ ಕುಸಿಯುತ್ತದೆ. ಉಸಿರಿನ ದಾರಿ ಭದ್ರ ಮಾಡದೆ ಮೊದಲು ಸಿಟಿ ಸ್ಕ್ಯಾನಿಗೆ ಕಳಿಸಿ ಎಂದವರಿಗೆ 3 ಅಂಕ ಕಡಿತ ಇರಲೇಬೇಕು. ಅಂಥ ರೋಗಿ ಸ್ಕ್ಯಾನ್ ಟೇಬಲ್ ಮೇಲೆಯೇ ಉಸಿರು ನಿಲ್ಲಿಸಬಹುದು, ಅಲ್ಲಿ ಯಾರ ಕೈಯಲ್ಲೂ ಬ್ಯಾಗ್ ಇರುವುದಿಲ್ಲ.

ನಾಲ್ಕೂ ಹಾಳೆ ಸೇರಿ "ಕಟ್ಟುಹಾವಿನ ಕಡಿತ" ಎಂಬ ಹೆಸರಿಗೆ ಒಂದೇ ಅಂಕ ಇಡುವುದು ಒಳ್ಳೆಯದು, ಅದೂ ನಾಲ್ಕನೇ ಹಾಳೆಯ ಆರರಲ್ಲಿ. ಮೊದಲ ಹಾಳೆಯಲ್ಲಿಯೇ ಊಹಿಸಿದವರಿಗೂ ಅಷ್ಟೇ.

ಅಭಿಪ್ರಾಯ ಎಷ್ಟು ಬದಲಾಗಬೇಕು?

ಇನ್ನೊಂದು ವಿಧಾನ ಸ್ಕ್ರಿಪ್ಟ್ ಕನ್ಕಾರ್ಡನ್ಸ್ ಟೆಸ್ಟ್. ಕೆನಡಾದ ಶಾರ್ಲಿನ್ ಮತ್ತು ಜೊತೆಗಾರರು ರೂಪಿಸಿದ್ದು. ಒಂದೇ ಸರಿ ಉತ್ತರವಿಲ್ಲದ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ಉದಾಹರಣೆಗೆ: 62 ವರ್ಷದ ಹೆಂಗಸು, ಒಂದು ಗಂಟೆಯಿಂದ ಬಲಗೈ ಬಲಗಾಲು ಬಿದ್ದಿವೆ, ಮಾತು ತೊದಲುತ್ತಿದೆ. ನೀವು ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿದೆ ಎಂದು ಯೋಚಿಸುತ್ತಿದ್ದೀರಿ. ಆಗ ಬೆರಳಿನ ಶುಗರ್ 38 ಎಂದು, ಅಂದರೆ ಲಕ್ವಾದಂತೆ ಕಾಣಿಸಬಲ್ಲಷ್ಟು ಕಡಿಮೆ ಎಂದು ತಿಳಿಯುತ್ತದೆ. ನಿಮ್ಮ ಯೋಚನೆ ಈಗ ಎಲ್ಲಿ ನಿಲ್ಲುತ್ತದೆ? ಮೈನಸ್ 2ರಿಂದ ಪ್ಲಸ್ 2ರವರೆಗಿನ ಐದರಲ್ಲಿ ಒಂದನ್ನು ಗುರುತಿಸಬೇಕು. ಮೈನಸ್ 2 ಎಂದರೆ ಆ ಯೋಚನೆ ತೀರಾ ಸಡಿಲವಾಯಿತು, ಸೊನ್ನೆ ಎಂದರೆ ಇದ್ದಷ್ಟೇ ಇದೆ, ಪ್ಲಸ್ 2 ಎಂದರೆ ತೀರಾ ಗಟ್ಟಿಯಾಯಿತು.

ಅಂಕ ಕೊಡುವ ಬಗೆ ಹೀಗೆ. ಅದೇ ಪ್ರಶ್ನೆಯನ್ನು ಮೊದಲೇ 15 ಅನುಭವಿ ವೈದ್ಯರಿಗೆ ಕೊಟ್ಟಿರುತ್ತಾರೆ. ಅವರಲ್ಲಿ 9 ಮಂದಿ ಮೈನಸ್ 2, 5 ಮಂದಿ ಮೈನಸ್ 1, ಒಬ್ಬರು ಸೊನ್ನೆ ಗುರುತಿಸಿದರೆ, ಹೆಚ್ಚು ಜನರ ಉತ್ತರಕ್ಕೆ 1 ಅಂಕ, ಎರಡನೆಯದಕ್ಕೆ 5ನ್ನು 9ರಿಂದ ಭಾಗಿಸಿ 0.56, ಮೂರನೆಯದಕ್ಕೆ 0.11, ಪ್ಲಸ್ ಕಡೆಗೆ ಹೋದವರಿಗೆ ಸೊನ್ನೆ. ಇಪ್ಪತ್ತು ಕೇಸು, ಕೇಸಿಗೆ ಮೂರು ಪ್ರಶ್ನೆ, ಒಟ್ಟು 60 ಪ್ರಶ್ನೆಗೆ ಒಂದು ಗಂಟೆ ಸಾಕು. ವೈದ್ಯರ ತಂಡದಲ್ಲಿ ಹತ್ತಕ್ಕಿಂತ ಕಡಿಮೆ ಜನ ಇದ್ದರೆ ಅಂಕಗಳು ತೂಗಾಡುತ್ತವೆ, ಇಪ್ಪತ್ತು ದಾಟಿದರೆ ಹೆಚ್ಚಿನ ಲಾಭವಿಲ್ಲ.

ಇದರ ಕೊರತೆ ಮುಚ್ಚಿಡುವಂಥದ್ದಲ್ಲ. ತುದಿಯ ಉತ್ತರಗಳನ್ನು ಬಿಟ್ಟು ಸದಾ ನಡುವಿನ ಮೂರರಲ್ಲೇ ಗುರುತು ಹಾಕಿದರೂ ಸುಮಾರಾದ ಅಂಕ ಬಂದುಬಿಡುತ್ತದೆ, ಈ ಗುಟ್ಟು ಒಂದು ಬ್ಯಾಚಿಗೆ ತಿಳಿದರೆ ಮುಂದಿನ ಬ್ಯಾಚಿಗೂ ತಿಳಿಯುತ್ತದೆ. ಜೊತೆಗೆ ತಂಡದವರೇ ತಪ್ಪು ಅಭ್ಯಾಸಕ್ಕೆ ಬಿದ್ದಿದ್ದರೆ ಆ ತಪ್ಪಿಗೂ ಅಂಕ ಸಿಗುತ್ತದೆ. ಪಾಸು-ಫೇಲು ನಿರ್ಧರಿಸಲು ಇದು ಬೇಡ. ಕ್ಲಾಸಿನಲ್ಲಿ ಚರ್ಚೆ ಎಬ್ಬಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಧನ ಕಡಿಮೆ. 9 ಮಂದಿ ಹೀಗೆಂದರು, 5 ಮಂದಿ ಹಾಗೆಂದರು, ಏಕೆ ಎಂದು ಕೇಳಿದಾಗ ಯೋಚನೆ ಹೊರಬರುತ್ತದೆ.

ಕೈ ತಪ್ಪಿದರೆ ತಲೆ ಸರಿಯಿದ್ದೂ ಫಲವಿಲ್ಲ

ಹಾಳೆಯ ಮೇಲಿನ ಪರೀಕ್ಷೆಗೆ ಒಂದು ಮಿತಿಯಿದೆ: ಚಿಹ್ನೆಗಳನ್ನು ನಾವೇ ಬರೆದುಕೊಟ್ಟಿರುತ್ತೇವೆ. ವಾರ್ಡಿನಲ್ಲಿ ಅವನ್ನು ಹುಡುಕಬೇಕಾದವರು ವಿದ್ಯಾರ್ಥಿಗಳು. ಆದ್ದರಿಂದ ಪರೀಕ್ಷಕರು ಪಕ್ಕದಲ್ಲೇ ನಿಂತು ನೋಡುವ 15 ನಿಮಿಷದ ಪರೀಕ್ಷೆ ಪ್ರತಿ ಪೋಸ್ಟಿಂಗ್‌ನಲ್ಲಿ ಎರಡು ಸಲವಾದರೂ ಬೇಕು. ಎಡವುವ ಜಾಗಗಳು ಗೊತ್ತಿರುವವೇ. ಸುತ್ತಿಗೆಯನ್ನು ಕುತ್ತಿಗೆ ಹಿಡಿದು ಕುಟ್ಟುವುದು, ರಿಫ್ಲೆಕ್ಸ್ ಸಿಗದಿದ್ದಾಗ ಹಲ್ಲು ಕಚ್ಚಿಸಿ ಅಥವಾ ಬೆರಳು ಕೊಂಡಿಹಾಕಿ ಎಳೆಸಿ ಮತ್ತೊಮ್ಮೆ ನೋಡದೆ "ಇಲ್ಲ" ಎಂದು ಬರೆಯುವುದು, ಸೂಜಿಯಿಂದ ಕಾಲಷ್ಟೇ ನೋಡಿ ಹೊಟ್ಟೆ, ಎದೆ, ಬೆನ್ನಿನವರೆಗೆ ಹೋಗದಿರುವುದು, ಮೂತ್ರದ ಬಗ್ಗೆ ಕೇಳಲು ಸಂಕೋಚಪಡುವುದು. ಎಲ್ಲಕ್ಕಿಂತ ದೊಡ್ಡದು, ಒಂದು ನರವನ್ನೂ ಪರೀಕ್ಷಿಸದೆ "ತಲೆಯ ನರಗಳೆಲ್ಲ ನಾರ್ಮಲ್" ಎಂದು ಬರೆಯುವ ಚಟ. ಈ ಒಂದು ಸಾಲಿಗೆ ಅಂಕ ಕಳೆಯುವ ನಿಯಮ ಬಂದರೆ ಎಷ್ಟೋ ಸುಧಾರಿಸುತ್ತದೆ.

ಮತ್ತು ಭಾಷೆ. ಪ್ರಶ್ನೆಪತ್ರಿಕೆಯ ರೋಗಿ ಇಂಗ್ಲಿಷ್ ಪುಸ್ತಕದ ಪದಗಳಲ್ಲಿ ಮಾತಾಡುತ್ತಾನೆ, ನಮ್ಮ ಓಪಿಡಿಯ ರೋಗಿ ಹಾಗೆ ಮಾತಾಡುವುದಿಲ್ಲ. "ಜೋಮು" ಎಂದರೆ ಸ್ಪರ್ಶ ತಿಳಿಯದಿರುವುದೂ ಆಗಬಹುದು, ಚುಮುಚುಮು ಅನ್ನುವುದೂ ಆಗಬಹುದು, ಕೆಲವರು ಬಲ ಕಡಿಮೆಯಾದದ್ದಕ್ಕೂ ಅದನ್ನೇ ಹೇಳುತ್ತಾರೆ. "ಚಕ್ರ ಬಂತು" ಎಂದರೆ ತಲೆ ಗಿರಗಿರ ತಿರುಗಿದ್ದೋ, ಕಣ್ಣಿಗೆ ಕತ್ತಲೆ ಕಟ್ಟಿ ಬಿದ್ದದ್ದೋ, ನಡೆಯುವಾಗ ತೂರಾಡಿದ್ದೋ? ಮೊದಲನೆಯದು ಒಳಕಿವಿ ಅಥವಾ ಹಿಂಮಿದುಳಿನ ಕಡೆಗೆ, ಎರಡನೆಯದು ಹೃದಯ ಮತ್ತು ಬಿಪಿಯ ಕಡೆಗೆ ಕರೆದೊಯ್ಯುತ್ತದೆ. ಅಖಿಲ ಭಾರತ ಕೋಟಾದ 15 ಶೇಕಡಾ ಸೀಟುಗಳಲ್ಲಿ ಬೇರೆ ರಾಜ್ಯದ ಮಕ್ಕಳೂ ಇಲ್ಲಿ ಓದುತ್ತಾರೆ, ಬೆಂಗಳೂರು, ಮಂಗಳೂರು ಕಡೆಯಿಂದ ಬಂದವರಿಗೂ ಈ ಮಾತು ಹೊಸದೇ. ಮೊದಲ ಹಾಳೆಯಲ್ಲಿ ರೋಗಿಯ ಮಾತನ್ನು ಅವನದೇ ನುಡಿಯಲ್ಲಿ, ಕನ್ನಡ ಅಕ್ಷರದಲ್ಲೇ ಹಾಕಬೇಕು. ಓದಲು ಬಾರದವರಿಗೆ ಧ್ವನಿಮುದ್ರಣ ಕೇಳಿಸಬಹುದು. ಇದನ್ನು ಭಾಷಾ ಪರೀಕ್ಷೆ ಎಂದು ಆಕ್ಷೇಪಿಸುವವರಿದ್ದಾರೆ. ರೋಗಿಯ ಮಾತು ತಪ್ಪಾಗಿ ತಿಳಿದರೆ ಮುಂದಿನ ಮೂರು ಮೆಟ್ಟಿಲೂ ತಪ್ಪುತ್ತವೆ, ಹಾಗಾಗಿ ಇದು ರೀಸನಿಂಗ್‌ನ ಮೊದಲ ಮೆಟ್ಟಿಲೇ.

ಇದನ್ನೆಲ್ಲ ಯಾರು ಮಾಡಬೇಕು? ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯಲ್ಲಿ 2019ರಲ್ಲೇ ಸೇರಿದ, ಎಂಬಿಬಿಎಸ್ ಕೊನೆಗೆ ದೇಶಕ್ಕೆಲ್ಲ ಒಂದೇ ಆಗಬೇಕಿದ್ದ ನೆಕ್ಸ್ಟ್ ಪರೀಕ್ಷೆ ಮತ್ತೆಮತ್ತೆ ಮುಂದಕ್ಕೆ ಹೋಗಿದೆ, ಅದಕ್ಕಾಗಿ ಕಾಯಬೇಕಿಲ್ಲ. ಇಂಟರ್ನಲ್ ಅಸೆಸ್‌ಮೆಂಟ್ ಕಾಲೇಜಿನ ಕೈಯಲ್ಲೇ ಇದೆ. ನಮ್ಮ ಭಾಗದಲ್ಲಿ 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ಕಾಲೇಜು, ಧಾರವಾಡ ಸತ್ತೂರಿನ ಎಸ್‌ಡಿಎಂ, ಆಮೇಲೆ ಬಂದ ಗದಗ ಮತ್ತು ಹಾವೇರಿಯ ಸಂಸ್ಥೆಗಳು ಇವೆ. ಒಂದೊಂದು ಊರಿನಲ್ಲಿ 15 ನರರೋಗ ತಜ್ಞರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಎಂಬಿಬಿಎಸ್ ಮುಗಿಸಿದವರು ನರರೋಗ ತಜ್ಞರಾಗುವುದಿಲ್ಲ, ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಾಗುತ್ತಾರೆ. ಆದ್ದರಿಂದ ಉತ್ತರ ನಿರ್ಧರಿಸುವ ತಂಡದಲ್ಲಿ ಮೂರು ನಾಲ್ಕು ನರರೋಗ ತಜ್ಞರು, ಉಳಿದವರು ಫಿಜಿಶಿಯನ್‌ಗಳು, ಇಬ್ಬರಾದರೂ ತಾಲ್ಲೂಕಿನಲ್ಲಿ ರಾತ್ರಿ ಡ್ಯೂಟಿ ಮಾಡುವವರು ಇರಲಿ. ಒಂದು ಕಾಲೇಜು ವರ್ಷಕ್ಕೆ ಐದು ಕೇಸು ಬರೆದು ಹಂಚಿಕೊಂಡರೆ ನಾಲ್ಕರಿಂದ ಇಪ್ಪತ್ತಾಗುತ್ತವೆ. ಮನೆಗೆ ಕೊಡುವ ಅಸೈನ್‌ಮೆಂಟಾಗಿ ಇವನ್ನು ಕೊಡಬಾರದು. ನೀಟಾಗಿ ಬರೆದ ಕೇಸನ್ನು ಮೊಬೈಲಿನ ಎಐಗೆ ಹಾಕಿದರೆ ಅದು ನೀಟಾದ ಪಟ್ಟಿ ಕೊಡುತ್ತದೆ, ವಿದ್ಯಾರ್ಥಿ ಏನೂ ಯೋಚಿಸಿರುವುದಿಲ್ಲ.

ಪರೀಕ್ಷೆ ಮುಗಿದ ವಾರದೊಳಗೆ ಹಾಳೆಗಳನ್ನು ವಾಪಸು ಕೊಟ್ಟು ಒಂದೇ ಪ್ರಶ್ನೆ ಕೇಳಬೇಕು: ಯಾವ ಸಾಲು ಓದಿದಾಗ ನಿಮ್ಮ ಯೋಚನೆ ಬದಲಾಗಬೇಕಿತ್ತು? ಮುಂಡರಗಿಯ ರೈತನ ಕೇಸನ್ನೂ ಹೀಗೆ ನಾಲ್ಕು ಹಾಳೆ ಮಾಡಬಹುದು. ಅಲ್ಲಿ ತಪ್ಪು ಶುರುವಾದದ್ದು ಎಂಆರ್‌ಐ ಚೀಟಿಯಲ್ಲಲ್ಲ. ಅವನು "ಬೆನ್ನ, ನಡಾ" ಎಂದದ್ದರಲ್ಲಿ ನಡ ಒಂದೇ ಕಿವಿಗೆ ಬಿದ್ದು, ಕೇಸ್ ಶೀಟಿನಲ್ಲಿ "ಸೊಂಟ ನೋವು" ಎಂದಾಯಿತು, ಸೊಂಟದ ಸ್ಕ್ಯಾನ್ ಅದರ ಹಿಂದೆಯೇ ಬಂತು. ಹಾಗಾಗಿ ಮೊದಲ ಹಾಳೆಯ ಪ್ರಶ್ನೆ ಇಷ್ಟೇ ಇರಲಿ: ಈ ರೋಗಿಗೆ ಈಗ ಏನು ಹೇಳುತ್ತೀರಿ? ಪೂರ್ಣ ಅಂಕದ ಉತ್ತರ, "ನೋವು ಎಲ್ಲೈತಿ, ಒಂದ ಬೆರಳ ಇಟ್ಟು ತೋರಸ್ರಿ." ಎರಡನೇ ಹಾಳೆಯಲ್ಲಿ ಅವನ ಮಗ ಅಂಗಿ ಎತ್ತುತ್ತಾನೆ, ಬೆರಳು ನಿಲ್ಲುವುದು ಹೆಗಲೆಲುಬಿನ ಕೆಳತುದಿಯ ಮಟ್ಟದಲ್ಲಿ, ಬೆನ್ನಿನ ನಟ್ಟನಡುವೆ. ಅಲ್ಲಿ ಇರುವುದು ಎದೆಯ ಏಳನೇ ಮಣಿ, ಮುಟ್ಟಿದರೆ ಸ್ವಲ್ಪ ಉಬ್ಬಿದೆ, ಮೆಲ್ಲಗೆ ತಟ್ಟಿದರೆ ನೋಯುತ್ತದೆ.